ನಡುಪಟ್ಟಿಯಲ್ಲಿ ಬಿದ್ದ ಹಂದಿ

ಗುರುಮಲ್ಲಪ್ಪ ತನ್ನ ಐವತ್ತೆಂಟು ವರ್ಷಗಳ ಬದುಕಿನಲ್ಲಿ ಹನ್ನೊಂದು ಕಾಡುಹಂದಿಗಳನ್ನೂ ಒಂದು ಹಸುವನ್ನೂ ಕೊಂದಿದ್ದಾನೆ. ಹಂದಿಗಳಲ್ಲಿ ಒಂದರ ಮಾಂಸವನ್ನೂ ನಾಲಗೆಗೆ ಮುಟ್ಟಿಸಿದವನಲ್ಲ. ಕೊರಳಲ್ಲಿ ಲಿಂಗ ಕಟ್ಟಿದ ಮನೆತನ ಅವನದು. ಕೋವಿ ಎತ್ತುವ ಮುಂಚೆ ಎದೆಯ ಮೇಲಿನ ಬೆಳ್ಳಿಯ ಕರಡಿಗೆಯನ್ನು ದಾರದ ಸಮೇತ ಬೆನ್ನಿಗೆ ಸರಿಸಿಕೊಳ್ಳುವುದು ಅವನ ರೂಢಿ. ಅಪ್ಪನೂ ಹಾಗೆ ಮಾಡುತ್ತಿದ್ದ, ಅಪ್ಪನ ಅಪ್ಪನೂ. ಲಿಂಗ ಕೊಲೆಯನ್ನು ನೋಡಬಾರದೆಂದೋ, ಕೋವಿಯ ಹಿಂದೊದೆತ ಅದಕ್ಕೆ ತಾಗಬಾರದೆಂದೋ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಗುರುಮಲ್ಲಪ್ಪ ಕೇಳಿಕೊಂಡಿದ್ದ. ಎರಡನೆಯದೇ ನಿಜವಾದ ಕಾರಣವಿರಬೇಕೆಂದು ತೀರ್ಮಾನಿಸಿ, ಮೊದಲನೆಯದನ್ನೂ ಬಿಡದೆ ಇಟ್ಟುಕೊಂಡಿದ್ದ.

ಹಸುವಿನ ಕಥೆ ಬೇರೆ. ಹನ್ನೆರಡು ವರ್ಷಗಳ ಹಿಂದೆ ಊರಿನ ಯಾರೋ ಹಂದಿಗೆಂದು ಸಿಡಿಮದ್ದನ್ನು ಹಿಟ್ಟಿನಲ್ಲಿ ಸುತ್ತಿ ಕೆರೆಯಂಗಳದ ಲಂಟಾನ ಪೊದೆಗಳ ಬುಡದಲ್ಲಿ ಇಟ್ಟಿದ್ದರು. ಮೇಯುತ್ತಿದ್ದ ಅವನ ಹಸು ಹುಲ್ಲಿನ ಜೊತೆಗೆ ಒಂದು ಉಂಡೆಯನ್ನು ಕಚ್ಚಿತು. ಸದ್ದು ಕೇಳಿ ಓಡಿಹೋದಾಗ ಹಸು ನಿಂತೇ ಇತ್ತು. ಕೆಳದವಡೆ ಇರಲಿಲ್ಲ. ನಾಲಗೆ ಕತ್ತಿನವರೆಗೂ ಜೋತುಬಿದ್ದು ಮುಂಗಾಲುಗಳ ಮೇಲೆ ರಕ್ತ ಸುರಿಯುತ್ತಿತ್ತು. ಅದು ಕೂಗಲಿಲ್ಲ; ಕೂಗುವುದಕ್ಕೆ ಬಾಯಿ ಉಳಿದಿರಲಿಲ್ಲ. ಅವನು ಮನೆಗೆ ಹೋಗಿ ಕೋವಿ ತಂದು, ನಳಿಗೆಗೆ ಮದ್ದು ಗಿಡಿದು, ಹಣೆಗೆ ಹಿಡಿದು ಹೊಡೆದ. ಆಮೇಲೆ ಉಂಡೆ, ಉರುಳು, ಬೇಲಿಗೆ ಕರೆಂಟು ಎಂದು ಯಾರೇ ಮಾತೆತ್ತಿದರೂ ಅವರ ಜೊತೆ ಜಗಳಕ್ಕೆ ನಿಲ್ಲುತ್ತಿದ್ದ. ಉಂಡೆಗೆ ಕಣ್ಣಿಲ್ಲ, ತಂತಿಗೆ ಕಣ್ಣಿಲ್ಲ. ಕೋವಿಯ ಹಿಂದೆ ಮನುಷ್ಯನ ಕಣ್ಣಿರುತ್ತದೆ ಎಂಬುದು ಅವನ ವಾದ. ಮನುಷ್ಯನ ಕಣ್ಣಿನ ಮೇಲೆ ಅಷ್ಟು ಭರವಸೆ ಇಡಬಹುದೇ ಎಂಬ ಪ್ರಶ್ನೆ ಆಗಿನ್ನೂ ಅವನಿಗೆ ಎದುರಾಗಿರಲಿಲ್ಲ.

ಅವನ ಊರು ಕವಲಂದೆಯಿಂದ ಐದು ಕಿಲೋಮೀಟರ್ ಒಳಗಿದೆ. ಹಂದಿ ಕಾಡಿನಿಂದ ಬರುತ್ತದೆಂದು ಪಟ್ಟಣದವರು ತಿಳಿದಿದ್ದಾರೆ. ಇಲ್ಲಿ ಕಣ್ಣಳತೆಯಲ್ಲಿ ಕಾಡೇ ಇಲ್ಲ. ಕೆರೆಯಂಗಳದ ಲಂಟಾನದಲ್ಲಿ ಹುಟ್ಟಿ, ಕಬ್ಬಿನ ಗದ್ದೆಯಲ್ಲಿ ಮರಿಹಾಕಿ, ಮುಸುಕಿನ ಜೋಳ ತಿಂದು ಕೊಬ್ಬಿದ ಹಂದಿಗಳು ಇವು. ಒಂದು ಹೆಣ್ಣು ವರ್ಷಕ್ಕೆ ಒಂದು ಸೂಲಿನಲ್ಲಿ ಐದಾರು ಮರಿ ಹಾಕಬಲ್ಲದು, ಆ ಮರಿಗಳು ವರ್ಷದೊಳಗೆ ತಾವೇ ತಾಯಿಯಾಗಬಲ್ಲವು. ಅಂಥ ಹಿಂಡಿನ ಒಂದು ಗಂಡನ್ನು ಕೊಂದರೆ ಸಂಖ್ಯೆ ತಗ್ಗುವುದಿಲ್ಲವೆಂದು ಗುರುಮಲ್ಲಪ್ಪನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಕ್ಷೌರದಂಗಡಿಯ ಕೂದಲು ಸುರಿದರೆ ಹಂದಿ ಬರುವುದಿಲ್ಲವೆಂದು ಊರೆಲ್ಲ ನಂಬಿದ್ದಾಗ ಅವನು ತನ್ನ ಜಮೀನಿನ ಒಂದು ಪಟ್ಟಿಗೆ ಕೂದಲು ಸುರಿದು, ಇನ್ನೊಂದನ್ನು ಹಾಗೇ ಬಿಟ್ಟು ನೋಡಿದ್ದ. ಮೂರು ದಿನ ಎರಡಕ್ಕೂ ಹಂದಿ ಬರಲಿಲ್ಲ. ನಾಲ್ಕನೆಯ ದಿನ ಎರಡಕ್ಕೂ ನುಗ್ಗಿತು.

"ಏನಣ್ಣ, ಅಂದೀಗೆ ಕ್ಷೌರ ಮಾಡ್ಸೋಕೋಗಿದ್ಯಾ?" ಎಂದು ಮಂಟೇಸ್ವಾಮಿ ಊರ ಮುಂದೆ ನಗಾಡಿದ್ದ. ಕೂಲಿಗೂ ಕಾವಲಿಗೂ ಗುರುಮಲ್ಲಪ್ಪನ ಜೊತೆ ಇಪ್ಪತ್ತು ವರ್ಷ ಓಡಾಡಿದವನು ಅವನು. ಹಂದಿ ಬಿದ್ದಾಗಲೆಲ್ಲ ಮಾಂಸ ಮಣ್ಣುಪಾಲಾಗುತ್ತದಲ್ಲ ಎಂದು ನಿಜವಾಗಿ ಸಂಕಟಪಡುವವನು.

ಕಾನೂನು ಗುರುಮಲ್ಲಪ್ಪನಿಗೆ ಬಾಯಿಪಾಠ. ಕಾಡುಹಂದಿ ವನ್ಯಜೀವಿ ಕಾಯ್ದೆಯ ಎರಡನೆಯ ಅನುಸೂಚಿಯಲ್ಲಿದೆ. ಅನುಮತಿಯಿಲ್ಲದೆ ಕೊಂದರೆ ಜೈಲು. ಬೆಳೆಗೆ ಹಾನಿಯಾದರೆ ಅಧಿಕಾರಿ ಲಿಖಿತ ಅನುಮತಿ ಕೊಡಬಹುದು. ತನ್ನ ಅಥವಾ ಇನ್ನೊಬ್ಬರ ಜೀವ ಉಳಿಸಲು ಕೊಂದರೆ ಅಪರಾಧವಲ್ಲ. ಸತ್ತ ಹಂದಿ ಸರ್ಕಾರದ ಆಸ್ತಿ. ಬದುಕಿರುವಾಗ ಬೆಳೆ ತಿಂದದ್ದಕ್ಕೆ ಹೊಣೆಗಾರನಿಲ್ಲದ ಪ್ರಾಣಿಗೆ ಸತ್ತ ಮರುಕ್ಷಣವೇ ಯಜಮಾನ ಹುಟ್ಟಿಕೊಳ್ಳುವುದು ಅವನಿಗೆ ತಮಾಷೆಯಾಗಿ ಕಾಣುತ್ತಿತ್ತು. ಆದರೂ ಪ್ರತಿ ಬಾರಿಯೂ ಅರ್ಜಿ, ಪಹಣಿ, ಕೋವಿ ಲೈಸೆನ್ಸಿನ ನಕಲು ಹಿಡಿದು ಅರಣ್ಯ ಕಚೇರಿಯ ಬೆಂಚಿನ ಮೇಲೆ ಕೂರುತ್ತಿದ್ದ.

ಈ ಸಲ ಅರ್ಜಿಯಲ್ಲಿ ಸರ್ವೆ ನಂಬರ್ ನೂರಹನ್ನೆರಡರ ಮೂರು ಹಿಸ್ಸೆಗಳನ್ನೂ ಬರೆದಿದ್ದ. ಕಚೇರಿಯವರು ನಡುವಿನದನ್ನು ಹೊಡೆದುಹಾಕಿದರು.

ಅದಕ್ಕೆ ಕಾರಣವಿತ್ತು. ಅಪ್ಪ ಸತ್ತ ಮೇಲೆ ಹಿರಿಯರು ಜಮೀನನ್ನು ಮೂರು ಪಟ್ಟಿ ಮಾಡಿ, ಮೂಡಲ ಪಟ್ಟಿ ಮತ್ತು ಪಡುವಲ ಪಟ್ಟಿಗಳನ್ನು ಗುರುಮಲ್ಲಪ್ಪನಿಗೂ, ಬಾವಿಯಿದ್ದ ನಡುಪಟ್ಟಿಯನ್ನು ತಮ್ಮ ನಟರಾಜ್‌ಗೂ ಹಂಚಿದ್ದರು. ನಟರಾಜ್ ಕೆಲವು ವರ್ಷ ನಂಜನಗೂಡಿನಲ್ಲಿ ಅಂಗಡಿ ಇಟ್ಟುಕೊಂಡಿದ್ದಾಗ ನಡುಪಟ್ಟಿಯನ್ನು ಉತ್ತವನು ಅಣ್ಣ. ತಮ್ಮ ಹಿಂದಿರುಗಿ ಬಂದಾಗ ಅಣ್ಣ ಬಾವಿಯನ್ನು ಬಿಡಲೊಲ್ಲದೆ, ನಡುಪಟ್ಟಿ ಇಂದಿಗೂ ತನ್ನ ಸ್ವಾಧೀನದಲ್ಲೇ ಇದೆ ಎಂದು ದಾವೆ ಹೂಡಿದ. ಅದು ನಿಜವಲ್ಲ. ಅಲ್ಲಿ ಬಿತ್ತುತ್ತಿದ್ದವನೂ ಕೊಯ್ಯುತ್ತಿದ್ದವನೂ ನಟರಾಜನೇ. ಒಂಬತ್ತು ವರ್ಷಗಳಿಂದ ಗುರುಮಲ್ಲಪ್ಪ ಆ ಒಂದು ಸುಳ್ಳನ್ನು ಪ್ರಮಾಣ ಮಾಡಿ ಹೇಳುತ್ತ ಬಂದಿದ್ದ.

ನಡುಪಟ್ಟಿಯಲ್ಲೂ ಹೊಡೆಯಬೇಕೆಂದರೆ ಪಹಣಿದಾರನ ಸಹಿ ಬೇಕು ಎಂದರು ಕಚೇರಿಯವರು. ಗುರುಮಲ್ಲಪ್ಪ ತಮ್ಮನ ಬಾಗಿಲಿಗೆ ಹೋದ. ನಟರಾಜ್ ಜಗಲಿಯಿಂದ ಏಳಲೂ ಇಲ್ಲ.

"ನಾನ್ ಸೈನ್ ಆಕ್ತೀನಿ, ನಾಳೆ ನಿನ್ ಲಾಯರ್ರು ಅದ್ನೇ ಕೋರ್ಟಲ್ಲಿ ಓದ್ತಾನೆ. ನನ್ ಜಮೀನಲ್ಲಿ ನೀನು ಕೋವಿ ಇಡ್ಕಂಡ್ ತಿರುಗೋಕೆ ಒಪ್ಪವ್ನೆ ಅಂತಾನೆ. ನಾನೇನ್ ಅಷ್ಟು ದಡ್ಡನಾ?"

"ಅಂದಿ ಪಾಣಿ ಓದ್ಕಂಡ್ ಬತ್ತದೇನ್ಲಾ? ನಿನ್ ಜೋಳನೂ ಓಯ್ತದೆ."

"ಓಗ್ಲಿ. ಅಂದಿ ತಿಂದ್ರೆ ಒಂದ್ ಬೆಳೆ ಓಯ್ತದೆ. ನೀನ್ ತಿಂದ್ರೆ ಭೂಮಿನೇ ಓಯ್ತದೆ."

ಹೀಗೆ ಸಿಕ್ಕಿದ್ದು ಎರಡು ಪಟ್ಟಿಗಳ ಅನುಮತಿ ಪತ್ರ.

ಸೆಪ್ಟೆಂಬರಿನ ಒಂದು ಮುಂಜಾವ. ಜೋಳ ಹಾಲುಗಟ್ಟಿತ್ತು. ಪಡುವಲ ಪಟ್ಟಿಯ ಬದುವಿನ ಮೇಲೆ ಗುರುಮಲ್ಲಪ್ಪ ಕೋವಿಯನ್ನು ತೊಡೆಯ ಮೇಲಿಟ್ಟು ಕೂತಿದ್ದ. ಅದು ಒಂಟಿ ನಳಿಗೆಯ ಕೇಪಿನ ಕೋವಿ. ಒಂದು ಈಡಾದರೆ ಮತ್ತೆ ಮದ್ದು ಹಾಕಿ ಗಜದ ಕಡ್ಡಿಯಿಂದ ಗಿಡಿಯುವಷ್ಟರಲ್ಲಿ ಹಂದಿ ಊರು ದಾಟಿರುತ್ತದೆ. ಒಂದು ಗುಂಡು, ಜೊತೆಗೆ ನಾಲ್ಕು ದಪ್ಪ ಸೀಸದ ಚರೆ ತುಂಬಿದ್ದ. ಬೆಳಕು ಇನ್ನೂ ಬೂದಿಬಣ್ಣಕ್ಕಿದ್ದಾಗ ಕೆರೆಯ ಕಡೆಯಿಂದ ಒಂಟಿ ಗಂಡು ಹಂದಿಯೊಂದು ಬಂತು. ಹೆಗಲು ಎಮ್ಮೆಕರುವಿನಷ್ಟು ಎತ್ತರ. ಅವನ ಪಟ್ಟಿಯನ್ನು ಮೂಸಿಯೂ ನೋಡದೆ ಬದು ದಾಟಿ ನಡುಪಟ್ಟಿಗೆ ಇಳಿಯಿತು. ಲಟ್ ಲಟ್ ಎಂದು ದಂಟು ಮುರಿಯುವ ಸದ್ದು ಶುರುವಾಯಿತು.

ಇಪ್ಪತ್ತು ಹೆಜ್ಜೆಯ ದೂರ. ಕಿವಿಯ ಹಿಂದಿನ ಜಾಗ ಅವನಿಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಗಂಡು ಹಂದಿಯ ಹೆಗಲ ಚರ್ಮ ಕವಚದಂತೆ ಗಟ್ಟಿ. ಅಲ್ಲಿ ಹೊಡೆದರೆ ಗಾಯವಷ್ಟೇ, ಕಿವಿಯ ಹಿಂದೆ ಹೊಡೆದರೆ ಸಾವು. ಕರಡಿಗೆ ಆಗಲೇ ಬೆನ್ನ ಮೇಲಿತ್ತು. ಅವನು ಹೊಡೆಯಲಿಲ್ಲ.

ಪತ್ರದಲ್ಲಿ ಆ ಹಿಸ್ಸೆ ಇಲ್ಲವೆಂಬುದು ಒಂದು ಕಾರಣ. ಅದನ್ನೇ ಪೂರ್ತಿ ಕಾರಣವೆಂದು ಅವನು ತನಗೆ ತಾನೇ ಹೇಳಿಕೊಂಡ. ಆದರೆ ಎರಡನೆಯ ಸಾಲು ಮುರಿದು ಮೂರನೆಯದಕ್ಕೆ ಹಂದಿ ಬಾಯಿಹಾಕಿದಾಗ ಹೊಟ್ಟೆಯೊಳಗೆ ಬೆಚ್ಚಗೆ ಏನೋ ಹರಡಿತು. ಅದು ಕಾನೂನಿನ ಮೇಲಿನ ಗೌರವವಲ್ಲ ಎಂದು ತಿಳಿಯದಷ್ಟು ಮೂಢ ಅವನಾಗಿರಲಿಲ್ಲ. ತಮ್ಮನ ಜೋಳ ಉರುಳುವುದನ್ನು ಅವನು ಕೋವಿ ಹಿಡಿದು ಕೂತು ನೋಡಿದ.

ಬಾವಿಯ ಕಡೆಯಿಂದ ಡಬ್ಬ ಬಡಿಯುವ ಸದ್ದು ಬಂತು. ನಟರಾಜ್ ಒಂದು ಕೈಯಲ್ಲಿ ಎಣ್ಣೆ ಡಬ್ಬ, ಇನ್ನೊಂದರಲ್ಲಿ ದೊಣ್ಣೆ ಹಿಡಿದು ಸಾಲಿನ ನಡುವೆ ಓಡಿಬಂದ. ಮುಂದೆ ಅವನ ನಾಯಿ. ಹಂದಿ ಕದಲಲಿಲ್ಲ. ನಾಯಿ ಮೂತಿಗೆ ಹಾರಿತು. ಹಂದಿ ತಲೆಯನ್ನು ಒಮ್ಮೆ ಪಕ್ಕಕ್ಕೆ ಎಸೆಯಿತು, ಅಷ್ಟೇ. ನಾಯಿ ಗಂಟಲಿನಿಂದ ಹೊಟ್ಟೆಯವರೆಗೆ ಬಿಚ್ಚಿಕೊಂಡು, ತನ್ನ ಕರುಳನ್ನೇ ತುಳಿಯುತ್ತ ಎರಡು ಸುತ್ತು ತಿರುಗಿ ಬಿತ್ತು.

"ನಟ್ರಾಜ! ಇಂದಕ್ಕೋಗ್ಲಾ! ಓಡಬ್ಯಾಡ, ಮರ ಇಡ್ಕೋ!"

ನಟರಾಜ್ ಅಣ್ಣನ ದನಿ ಬಂದ ಕಡೆಗೆ ತಿರುಗಿದ. ಆ ತಿರುಗುವಿಕೆಯಲ್ಲೇ ಹಂದಿ ಮಂಡಿಗೆ ಬಡಿಯಿತು. ಅವನು ಅಂಗಾತ ಬಿದ್ದ. ಕೋರೆ ಮಂಡಿಯ ಒಳಬದಿಯಿಂದ ತೊಡೆಯ ಸಂದಿನವರೆಗೆ ಸೀಳಿತು. ಸೀಳಿದ ಮಾಂಸ ಮೊದಲು ಬಿಳಿಯಾಗಿ ಕಂಡು ಆಮೇಲೆ ರಕ್ತ ತುಂಬಿಕೊಂಡಿತು. ನಟರಾಜ್ ಎರಡೂ ಕೈಗಳಿಂದ ಹಂದಿಯ ಕಿವಿ ಹಿಡಿದು ಅರಚುತ್ತಿದ್ದ. ಗುರುಮಲ್ಲಪ್ಪ ಬದು ಹಾರಿ ಬಂದಾಗ ಹಂದಿಯ ತಲೆಯೂ ತಮ್ಮನ ಎದೆಯೂ ಒಂದೇ ನೇರದಲ್ಲಿದ್ದವು. ಎರಡನೆಯ ಪೆಟ್ಟಿಗೆಂದು ಹಂದಿ ಒಂದು ಹೆಜ್ಜೆ ಹಿಂದೆ ಸರಿಯಿತು. ಅವನು ನಳಿಗೆಯನ್ನು ಕಿವಿಯ ಹಿಂದಕ್ಕೆ ಒತ್ತಿ ಕೋವಿಯ ಕುದುರೆ ಎಳೆದ.

ಹೊಗೆ ಇಳಿದಾಗ ಹಂದಿ ನಟರಾಜನ ಕಾಲುಗಳ ಮೇಲೆ ಬಿದ್ದು ಒದೆಯುತ್ತಿತ್ತು. ಅದರ ತಲೆಯ ಅರ್ಧ ಜೋಳದ ಗರಿಗಳಿಗೆ ಸಿಡಿದಿತ್ತು. ನಟರಾಜನ ಎಡತೋಳಿನಲ್ಲಿ ಎರಡು ಕಪ್ಪು ತೂತುಗಳಿದ್ದವು. ಚರೆ ಎಲ್ಲಿಗೆ ಹೋಗುತ್ತದೆಂದು ಕೋವಿಯ ಹಿಂದಿನ ಕಣ್ಣಿಗೂ ತಿಳಿದಿರಲಿಲ್ಲ.

ಗುರುಮಲ್ಲಪ್ಪ ಟವೆಲನ್ನು ತೊಡೆಗೆ ಬಿಗಿದು, ಕೋವಿಯ ಗಜವನ್ನು ಅದರೊಳಗೆ ತೂರಿಸಿ, ರಕ್ತ ನಿಲ್ಲುವವರೆಗೂ ತಿರುವಿದ. ನಟರಾಜ್ ಪ್ರಜ್ಞೆ ತಪ್ಪಿದ. ಈಡಿನ ಸದ್ದಿಗೆ ಜನ ಬಂದರು. ನಟರಾಜನ ಹೆಂಡತಿ ಶ್ವೇತ ಕಂಡದ್ದು ಮೂರೇ ವಸ್ತು: ರಕ್ತದಲ್ಲಿ ಬಿದ್ದ ಗಂಡ, ತೋಳಿನ ತೂತುಗಳು, ಹೊಗೆಯಾಡುವ ಕೋವಿ. ಇಪ್ಪತ್ತು ವರ್ಷ 'ಭಾವ' ಎಂದು ಸೆರಗು ಸರಿಮಾಡಿಕೊಂಡೇ ಮಾತಾಡಿದವಳು ಅಂದು ಏಕವಚನಕ್ಕೆ ಇಳಿದಳು.

"ಜಮೀನಿಗೋಸ್ಕರ ಒಡುದ್ಬುಟ್ಯಲ್ಲೋ! ಒಡ್‌ಹುಟ್ಟಿದವನ್ನೇ ಒಡುದ್ಬುಟ್ಯಲ್ಲೋ ಪಾಪಿ!"

"ಶ್ವೇತ, ಅಂದಿ..."

"ಆಟೋ ಅತ್ಬ್ಯಾಡ ನೀನು! ಮುಟ್ಬ್ಯಾಡ ಅವ್ರನ್ನ!"

ಗೂಡ್ಸ್ ಆಟೋ ನಂಜನಗೂಡಿನ ಕಡೆಗೆ ಹೊರಟಿತು. ರಸ್ತೆಯವರೆಗೂ ಹಿಂದೆ ಓಡಿದ ಗುರುಮಲ್ಲಪ್ಪ ಅಲ್ಲೇ ನಿಂತು, ಪತ್ರದ ಷರತ್ತಿನಂತೆ ಅರಣ್ಯ ರಕ್ಷಕಿ ವನಜಾಕ್ಷಿಗೆ ಫೋನ್ ಮಾಡಿದ. ಹಿಂದಿರುಗಿ ಬಂದಾಗ ಹಂದಿ ಬಿದ್ದಲ್ಲಿರಲಿಲ್ಲ.

ಮಂಟೇಸ್ವಾಮಿ ಹಗ್ಗ ಸುತ್ತುತ್ತ ಪಡುವಲ ಪಟ್ಟಿಯಲ್ಲಿ ನಿಂತಿದ್ದ. ಜೊತೆಗೆ ಮೂವರು ಏದುಸಿರು ಬಿಡುತ್ತಿದ್ದರು. ಹಂದಿಯ ನಾಲ್ಕು ಕಾಲುಗಳನ್ನೂ ಕಟ್ಟಿ, ಬದುವಿನ ಮೇಲೆ ಎಳೆದು, ಈಚೆ ಹಾಕಿದ್ದರು.

"ಇನ್ ಯೋಚ್ನೆ ಬ್ಯಾಡ ಕಣಣ್ಣ. ಅಂದಿ ಈಗ ನಿನ್ ಜಮೀನಲ್ಲಿ ಬಿದ್ದದೆ. ಲೆಟ್ರಲ್ಲಿ ಇರೋ ಜಾಗ್ದಲ್ಲೇ ಅದೆ. ಫಾರೆಸ್ಟ್‌ನೋರು ಏನೂ ಕೀಳಕ್ಕಾಗಲ್ಲ."

ಗುರುಮಲ್ಲಪ್ಪನಿಗೆ ಮೊದಲು ಅನಿಸಿದ್ದು ಸಮಾಧಾನವೇ. ನಡುಪಟ್ಟಿಯಲ್ಲಿ ಹಂದಿ ಹೊಡೆದೆನೆಂದರೆ ಲೈಸೆನ್ಸ್ ಹೋಗುತ್ತದೆ, ಕೇಸು ಬೀಳುತ್ತದೆ. ಇಷ್ಟು ವರ್ಷ ಬೆಂಚಿನ ಮೇಲೆ ಕೂತು ಗಳಿಸಿದ ಒಳ್ಳೆಯ ಹೆಸರು ಒಂದು ಬದುವಿನ ಅಗಲದಲ್ಲಿ ಹೋಗುತ್ತದೆ. ಅವನು ಹಂದಿಯನ್ನು ಇದ್ದಲ್ಲೇ ಬಿಟ್ಟ.

ವನಜಾಕ್ಷಿ ಒಂಬತ್ತಕ್ಕೆ ಬೈಕಿನಲ್ಲಿ ಬಂದಳು. ಮೂವತ್ತರ ಆಸುಪಾಸಿನ ಹುಡುಗಿ, ಮಾತು ಕಡಿಮೆ. ಹಂದಿಯ ತಲೆ ನೋಡಿದಳು, ಬದುವಿನ ಮೇಲೆ ಉಜ್ಜಿಹೋದ ಹುಲ್ಲು ನೋಡಿದಳು, ರಕ್ತದ ಪಟ್ಟೆ ಹಿಡಿದು ನಡುಪಟ್ಟಿಗೆ ಹೋಗಿ ಸತ್ತ ನಾಯಿಯನ್ನು ನೋಡಿ ಹಿಂದಿರುಗಿದಳು.

"ಯಜಮಾನ್ರೇ, ಹಂದಿ ಎಲ್ಲಿ ಬಿತ್ತು?"

"ಇಲ್ಲೇ ಕಣ್ ಮೇಡಂ," ಎಂದ ಮಂಟೇಸ್ವಾಮಿ.

"ನಿಮ್ಮನ್ನ ಕೇಳ್ಲಿಲ್ಲ."

ವನಜಾಕ್ಷಿ ಗುರುಮಲ್ಲಪ್ಪನ ಕಡೆಗೆ ತಿರುಗಿ ದನಿ ತಗ್ಗಿಸಿದಳು.

"ನೋಡಿ, ಆಸ್ಪತ್ರೆಯಿಂದ ಸ್ಟೇಷನ್‌ಗೆ ಫೋನ್ ಹೋಗಿದೆ. ಗುಂಡೇಟು ಅಂತ. ನಿಮ್ಮ ತಮ್ಮನ ಹೆಂಡತಿ ನಿಮ್ಮ ಹೆಸರು ಹೇಳಿದ್ದಾರೆ. ಹಂದಿ ಇಲ್ಲಿ ಬಿತ್ತು ಅಂತ ನಾನು ಮಹಜರು ಬರೆದ್ರೆ, ನೀವು ಬೆಳೆಗೋಸ್ಕರ ನಿಮ್ಮ ಜಮೀನಲ್ಲಿ ಹೊಡೆದ್ರಿ ಅಂತಾಯ್ತು. ಆಗ ಆ ಕಡೆ ಮೂವತ್ತು ಹೆಜ್ಜೆ ದೂರ ಇದ್ದ ತಮ್ಮನ ತೋಳಿಗೆ ಚರೆ ಹೆಂಗೆ ಹೋಯ್ತು ಅಂತ ಪೊಲೀಸ್ನೋರು ಕೇಳ್ತಾರೆ. ಹಂದಿ ಅಲ್ಲಿ ಅವರ ಮೈಮೇಲೆ ಬಿದ್ದಿತ್ತು ಅಂದ್ರೆ ಅದು ಜೀವ ಉಳ್ಸಿದ್ದು. ಎರಡರಲ್ಲಿ ಒಂದೇ ನಿಜ ಆಗೋಕೆ ಸಾಧ್ಯ."

ಮಂಟೇಸ್ವಾಮಿಯ ಕೈಯಿಂದ ಹಗ್ಗ ಜಾರಿತು. "ಅಯ್ಯೋ ಶಿವನೇ, ಒಳ್ಳೇದ್ ಮಾಡಕ್ಕೋಗಿ ನೇಣು ಬಿಗುದ್ನಲ್ಲಣ್ಣ," ಎಂದ.

ಗುರುಮಲ್ಲಪ್ಪನ ಹೆಂಡತಿ ಮಲ್ಲಾಜಮ್ಮ ಆ ಹೊತ್ತಿಗೆ ಬಂದು ನಿಂತಿದ್ದಳು. ದಾವೆ ಹೂಡಿದ ದಿನದಿಂದ ತಮ್ಮನ ಮನೆಯವರು ಬಾವಿಗೆ ಬೀಗ ಹಾಕಿದ್ದರಿಂದ ಒಂಬತ್ತು ವರ್ಷ ದೂರದ ಕೈಪಂಪಿನಿಂದ ನೀರು ಹೊತ್ತವಳು ಅವಳು. ಗಂಡನ ಮುಖ ನೋಡದೆ ಹೇಳಿದಳು: "ನಟ್ರಾಜನ ಜಮೀನಲ್ಲಿ ಬಿತ್ತು ಅಂತ ಬರ್ಸುದ್ರೆ ಬಾವಿ ಓಯ್ತು. ಬರುಸ್ದಿದ್ರೆ ನೀವ್ ಓಯ್ತೀರ. ನೋಡ್ಕಳಿ."

ಅವಳ ಮಾತು ಸರಿಯಾಗಿತ್ತು. ನಡುಪಟ್ಟಿಯಲ್ಲಿ ಹಂದಿ ಬಿತ್ತೆಂದರೆ ಅದು ಯಾರ ಜಮೀನೆಂದು ಮುಂದಿನ ಪ್ರಶ್ನೆ ಬರುತ್ತದೆ. ತನ್ನದೆಂದರೆ ಅಲ್ಲಿ ಆ ಹೊತ್ತಿನಲ್ಲಿ ಡಬ್ಬ ಬಡಿಯುತ್ತ ಬೆಳೆ ಕಾಯಲು ಬಂದ ನಟರಾಜ್ ಯಾರು? ತಮ್ಮನದೆಂದರೆ ಒಂಬತ್ತು ವರ್ಷಗಳ ಪ್ರಮಾಣಗಳೆಲ್ಲ ಒಂದು ಸಾಲಿನಲ್ಲಿ ಸುಳ್ಳಾಗುತ್ತವೆ. ಸುಳ್ಳಿಗೆ ಬೇಕಾದ ಸಾಕ್ಷಿಗಳನ್ನು ಲಾಯರು ಹೊಂದಿಸಬಲ್ಲ. ಆದರೆ ಒಂದು ಸುಳ್ಳು ಇನ್ನೊಂದರ ಪಕ್ಕದಲ್ಲಿ ನಿಲ್ಲಲೊಲ್ಲದು. ಎರಡೂ ಕಡೆ ತಪ್ಪಿಸಿಕೊಳ್ಳುವ ಮೂರನೆಯ ದಾರಿಗಾಗಿ ಅವನು ಬಹಳ ಹೊತ್ತು ಹುಡುಕಿದ. ನೊಣಗಳು ಹಂದಿಯ ಕಿವಿಯ ಹಿಂದಿನ ಗುಂಡಿಯಲ್ಲಿ ತುಂಬಿಕೊಂಡಿದ್ದವು.

"ಬರ್ಕಳವ್ವ," ಎಂದ. "ಅಂದಿ ಬಿದ್ದಿದ್ದು ನೂರಹನ್ನೆರಡರ ಎರಡ್ನೇ ಹಿಸ್ಸೆಲಿ. ಆ ಜಮೀನು ನನ್ ತಮ್ಮುಂದು. ಅಲ್ಲಿ ಉಳೋನು, ಬಿತ್ತೋನು ಅವ್ನೇ. ನಾನು ಬದು ದಾಟಿ ಓಗಿ ಒಡುದೆ. ಅಂದೀನ ಇಲ್ಲಿಗೆ ಎಳ್ಕಂಡ್ ಬಂದಿದ್ದು ಆಮ್ಯಾಕೆ."

ಮಂಟೇಸ್ವಾಮಿಯೂ ಮೂವರು ಜೊತೆಗಾರರೂ ಸಾಕ್ಷಿ ಸಹಿ ಹಾಕಿದರು. ವನಜಾಕ್ಷಿ ಫೋಟೋ ತೆಗೆದು, ಕೋವಿಯನ್ನು ಪೊಲೀಸರಿಗೆ ಒಪ್ಪಿಸಬೇಕೆಂದಳು. ಇಲಾಖೆಯ ನೋಟಿಸು ಬರಬಹುದು, ಬರದೆಯೂ ಇರಬಹುದು, ಅದು ಮೇಲಿನವರ ಇಷ್ಟ ಎಂದಳು. ಮಧ್ಯಾಹ್ನ ಹಂದಿಯ ಮೇಲೆ ಸೌದೆ ಪೇರಿಸಿ, ಸೀಮೆಎಣ್ಣೆ ಸುರಿದು ಸುಟ್ಟರು. ಕೊಬ್ಬು ಚಟಚಟ ಸಿಡಿಯುತ್ತ, ಕಾಲುಗಳು ಬೆಂಕಿಯಲ್ಲಿ ಮಡಚಿ ಮೇಲೆದ್ದವು. ಮಂಟೇಸ್ವಾಮಿ ಅಂದು ಮಾಂಸದ ಮಾತೆತ್ತಲಿಲ್ಲ.

ಪೊಲೀಸರು ಗುರುಮಲ್ಲಪ್ಪನನ್ನು ಸಂಜೆಯವರೆಗೂ ಠಾಣೆಯಲ್ಲಿ ಕೂರಿಸಿಕೊಂಡರು. "ಏನಯ್ಯಾ, ಒಂದೇ ಈಡಿಗೆ ಹಂದಿ, ತಮ್ಮ, ಎರಡೂನಾ? ಒಳ್ಳೇ ಗುರಿಗಾರ ಕಣಯ್ಯ ನೀನು," ಎಂದು ಒಬ್ಬ ಪೇದೆ ನಕ್ಕ. ಮಹಜರು ಒಂದು ಕಡೆಯ ಕಾಗದವಷ್ಟೇ. ನಟರಾಜ್ ಕಣ್ಣು ಬಿಟ್ಟು ಏನು ಹೇಳುತ್ತಾನೆಂಬುದರ ಮೇಲೆ ಉಳಿದದ್ದೆಲ್ಲ ನಿಂತಿತ್ತು. ಎರಡನೆಯ ದಿನ ನಟರಾಜ್ ಹೇಳಿಕೆ ಕೊಟ್ಟನೆಂದು ತಿಳಿಯಿತು. ಏನೆಂದು ತಿಳಿಯಲಿಲ್ಲ. ಮೂರನೆಯ ದಿನ ಗುರುಮಲ್ಲಪ್ಪ ಆಸ್ಪತ್ರೆಗೆ ಹೋದ.

ನರ್ಸ್ ತೊಡೆಯ ಬ್ಯಾಂಡೇಜ್ ಬಿಚ್ಚುತ್ತಿದ್ದಳು. ಮೂವತ್ತೆರಡು ಹೊಲಿಗೆಗಳ ನಡುವೆ ಕೀವು ಹಳದಿಗಟ್ಟಿತ್ತು. ಆಕೆ ಒತ್ತಿದಾಗಲೆಲ್ಲ ನಟರಾಜ್ ಹಲ್ಲು ಕಚ್ಚಿ ಮಂಚದ ಸರಳನ್ನು ಹಿಡಿಯುತ್ತಿದ್ದ. ಶ್ವೇತ ಭಾವನನ್ನು ಕಂಡು ಎದ್ದು ಹೊರಗೆ ಹೋದಳು. ನರ್ಸ್ ಹೋದ ಮೇಲೆ ನಟರಾಜ್ ಬೆವರು ಒರೆಸಿಕೊಂಡ.

"ಅಂದಿಗೆ ಒಡ್ದ ಈಡು, ಚರೆ ತಗುಲ್ತು ಅಂತ ಬರಸ್ದೆ," ಎಂದ. "ಇದ್ದುದ್ದೇ ಏಳ್ದೆ. ನಿಂಗೋಸ್ಕರ ಅಲ್ಲ."

"ಊಂ."

"ಒಂದ್ ಕೇಳ್ತೀನಿ, ನಿಜ ಏಳು. ನಾನ್ ಬರಾಕ್ ಮುಂಚೆ ಎಷ್ಟೊತ್ತು ಕುಂತಿದ್ದೆ ನೀನು ಅಲ್ಲಿ?"

ಆಗತಾನೇ ಬಂದಿದ್ದೆ ಎನ್ನಬಹುದಿತ್ತು. ಅದನ್ನು ಸುಳ್ಳೆನ್ನಲು ಲೋಕದಲ್ಲಿ ಒಬ್ಬ ಸಾಕ್ಷಿಯೂ ಇರಲಿಲ್ಲ.

"ನಿನ್ ಜೋಳ ಮೂರ್ ಸಾಲು ಓಗೋಗಂಟ," ಎಂದ ಗುರುಮಲ್ಲಪ್ಪ.

ನಟರಾಜನ ಗಂಟಲಿನಿಂದ ಒಂದು ಸದ್ದು ಹೊರಟಿತು. ನಗುವೋ ನೋವೋ ತಿಳಿಯಲಿಲ್ಲ. "ನಾನಾಗಿದ್ರೆ ಆರ್ ಸಾಲು ಕುಂತಿರ್ತಿದ್ದೆ," ಎಂದ. ಮತ್ತೆ ಅಣ್ಣನ ಕಡೆ ತಿರುಗಿ, "ಮಹಜರಿನ ನಕಲು ನಮ್ ಲಾಯರ್ರು ಕೇಳವ್ನೆ. ಆ ಸಾಲು ಸಿಕ್ರೆ ಕೇಸು ಮುಗೀತು ಅಂತಾನೆ. ನಾನ್ ಬುಡಲ್ಲ ಕಣಣ್ಣ. ಈಗ್ಲೇ ಏಳಿವ್ನಿ."

"ಬುಡ್ಬ್ಯಾಡ," ಎಂದು ಗುರುಮಲ್ಲಪ್ಪ ಎದ್ದ.

ಆಸ್ಪತ್ರೆಯ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ವನಜಾಕ್ಷಿ ಕೊಟ್ಟಿದ್ದ ಮಹಜರಿನ ಪ್ರತಿಯನ್ನು ಜೇಬಿನಿಂದ ತೆಗೆದು ಕೊಟ್ಟ. ಎಷ್ಟು ಪ್ರತಿ ಎಂದು ಅಂಗಡಿಯವಳು ಕೇಳಿದಳು. ಎರಡು ಎಂದ. ಒಂದನ್ನು ಆಸ್ಪತ್ರೆಗೆ ಮರಳಿ ತಮ್ಮನ ದಿಂಬಿನ ಪಕ್ಕದಲ್ಲಿ ಇಟ್ಟ. ಇನ್ನೊಂದನ್ನು ಮಡಚಿಕೊಂಡು, ದಾವೆ ಹಿಂತೆಗೆಯಲು ತನ್ನ ಲಾಯರನ ಮನೆಯ ಕಡೆಗೆ ನಡೆದ.